ಬಿಲ್ಲಿನ ಕೊನೆಯ ಸಾಲು: ಅಮೆರಿಕದ ಕ್ಯಾಂಪಸ್‌ನಲ್ಲಿ ವಿದ್ಯಾರ್ಥಿ ಸರ್ಕಾರ ನಡೆಯುವ ಬಗೆ

ಅಮೆರಿಕದ ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ಓದುವವರಿಗೆ ಪ್ರತಿ ಸೆಮಿಸ್ಟರ್ ಒಂದು ಬಿಲ್ ಬರುತ್ತದೆ. ಮೇಲೆ ಟ್ಯೂಷನ್ ಫೀ, ಕೆಳಗೆ ಹಾಸ್ಟೆಲ್, ಊಟ, ಆರೋಗ್ಯ ವಿಮೆ. ಸಾವಿರಗಟ್ಟಲೆ ಡಾಲರಿನ ಆ ಅಂಕಿಗಳನ್ನು ನೋಡಿ ದಣಿದ ಕಣ್ಣು ಕೊನೆಯ ಸಣ್ಣ ಸಾಲುಗಳವರೆಗೆ ಇಳಿಯುವುದೇ ಅಪರೂಪ. ಅಲ್ಲೆಲ್ಲೋ ‘ವಿದ್ಯಾರ್ಥಿ ಚಟುವಟಿಕೆ ಶುಲ್ಕ’ ಎಂಬ ಒಂದು ಸಾಲಿರುತ್ತದೆ. ಕೆಲವು ಕಡೆ ಹತ್ತಿಪ್ಪತ್ತು ಡಾಲರ್, ಕೆಲವು ಕಡೆ ನೂರು ದಾಟುತ್ತದೆ. ಬೇಡ ಎನ್ನುವ ಹಾಗಿಲ್ಲ, ಕಟ್ಟಲೇಬೇಕು. ಮೂವತ್ತು ನಲವತ್ತು ಸಾವಿರ ಮಂದಿ ಓದುವ ಕ್ಯಾಂಪಸ್ಸಿನಲ್ಲಿ ಈ ಚಿಲ್ಲರೆಯೆಲ್ಲ ಸೇರಿದರೆ ಅದು ದೊಡ್ಡ ಗಂಟು.

ಆ ಗಂಟನ್ನು ಬಿಚ್ಚಿ ಹಂಚುವವರು ಬಹಳಷ್ಟು ಕಡೆ ಹತ್ತೊಂಬತ್ತು ಇಪ್ಪತ್ತರ ಹುಡುಗ ಹುಡುಗಿಯರು. ವಾರಕ್ಕೊಂದು ಸಂಜೆ, ಮರುದಿನದ ಪರೀಕ್ಷೆಯ ಪುಸ್ತಕ ಪಕ್ಕದಲ್ಲಿಟ್ಟುಕೊಂಡು, ಯಾವ ಸಂಘಕ್ಕೆ ಎಷ್ಟು ಎಂದು ಕೈಯೆತ್ತಿ ಮತ ಹಾಕುತ್ತಾರೆ. ಇದೇ ‘ಸ್ಟೂಡೆಂಟ್ ಗವರ್ನಮೆಂಟ್’, ಅಂದರೆ ವಿದ್ಯಾರ್ಥಿ ಸರ್ಕಾರ. ಇದನ್ನು ವಿವರಿಸುವವರು ಸಾಮಾನ್ಯವಾಗಿ ಅಧ್ಯಕ್ಷ, ಸೆನೆಟ್, ನ್ಯಾಯಮಂಡಳಿ ಎಂದು ಶುರುಮಾಡುತ್ತಾರೆ. ನನಗೆ ಕಂಡಂತೆ ಆ ದಾರಿಯಲ್ಲಿ ಹೋದರೆ ಎಲ್ಲವೂ ಅರ್ಥವಾದಂತೆ ಅನಿಸುತ್ತದೆ, ಕೊನೆಗೆ ಏನೂ ಅರ್ಥವಾಗಿರುವುದಿಲ್ಲ. ಬಿಲ್ಲಿನ ಆ ಕೊನೆಯ ಸಾಲನ್ನು ಹಿಡಿದು ಹೊರಟರೆ ಮಾತ್ರ ಯಾರ ಕೈಯಲ್ಲಿ ಏನಿದೆ ಎಂಬುದು ಕಾಣುತ್ತದೆ. ಆದರೂ ಮೊದಲು ವೇಷಭೂಷಣ ನೋಡಿಬಿಡೋಣ, ಅದಿಲ್ಲದೆ ಪಾತ್ರಗಳು ಗುರುತು ಸಿಗುವುದಿಲ್ಲ.

ಪುಟ್ಟದೊಂದು ವಾಷಿಂಗ್ಟನ್

ವಿದ್ಯಾರ್ಥಿ ಸರ್ಕಾರದ ಮೈಕಟ್ಟು ಅಮೆರಿಕದ ಕೇಂದ್ರ ಸರ್ಕಾರದ ನಕಲು. ಒಂದು ಲಿಖಿತ ಸಂವಿಧಾನ. ಇಡೀ ಕ್ಯಾಂಪಸ್ ಆರಿಸುವ ಅಧ್ಯಕ್ಷ, ಉಪಾಧ್ಯಕ್ಷ. ಕಾನೂನು ಮಾಡಲು ಸೆನೆಟ್. ಸಂವಿಧಾನದ ಅರ್ಥ ಹೇಳಲು ಮತ್ತು ಚುನಾವಣೆಯ ತಕರಾರು ತೀರ್ಮಾನಿಸಲು ವಿದ್ಯಾರ್ಥಿಗಳದ್ದೇ ನ್ಯಾಯಮಂಡಳಿ. ಸೆನೆಟ್ ಒಪ್ಪಿದ್ದನ್ನು ಅಧ್ಯಕ್ಷ ವೀಟೊ ಮಾಡಬಹುದು. ಸೆನೆಟ್‌ನಲ್ಲಿ ಮೂರನೇ ಎರಡು ಭಾಗ ಒಗ್ಗಟ್ಟಾದರೆ ಆ ವೀಟೊ ಬಿದ್ದುಹೋಗುತ್ತದೆ. ಮಹಾಭಿಯೋಗವೂ ಉಂಟು. ಒಬ್ಬರನ್ನೊಬ್ಬರು ‘ಸೆನೆಟರ್’ ಎಂದು ಕರೆಯುತ್ತ, ಸಂಸದೀಯ ನಡಾವಳಿಯ ಪ್ರಕಾರ ತಿದ್ದುಪಡಿಗೆ ತಿದ್ದುಪಡಿ ಮಂಡಿಸುವುದನ್ನು ಮೊದಲ ಸಲ ನೋಡಿದವರಿಗೆ ನಗು ಬಂದರೆ ಆಶ್ಚರ್ಯವಿಲ್ಲ.

ಸೆನೆಟ್‌ನ ಗಾತ್ರ ಒಂದೊಂದು ಕಡೆ ಒಂದೊಂದು ರೀತಿ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿ ಕ್ಯಾಂಪಸ್ಸಿನಲ್ಲಿ 20 ಸೆನೆಟರ್‌ಗಳು. ಫ್ಲಾರಿಡಾ ವಿಶ್ವವಿದ್ಯಾಲಯದಲ್ಲಿ 100 ಮಂದಿ. ಅರ್ಧ ಜನರನ್ನು ವಾಸಸ್ಥಳ ನೋಡಿ ಒಂದು ಸೆಮಿಸ್ಟರ್‌ನಲ್ಲಿ, ಉಳಿದರ್ಧವನ್ನು ಓದುತ್ತಿರುವ ಕಾಲೇಜು ನೋಡಿ ಇನ್ನೊಂದು ಸೆಮಿಸ್ಟರ್‌ನಲ್ಲಿ ಆರಿಸುತ್ತಾರೆ. ಅವಧಿ ಸಾಮಾನ್ಯವಾಗಿ ಒಂದೇ ವರ್ಷ. ಈ ‘ಒಂದೇ ವರ್ಷ’ವನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಅನೇಕ ಕಡೆ ಪದವಿ ವಿದ್ಯಾರ್ಥಿಗಳ ಸರ್ಕಾರ ಬೇರೆ, ಸ್ನಾತಕೋತ್ತರದವರದ್ದು ಬೇರೆ. ಸಂಶೋಧನೆ ಮಾಡುತ್ತ, ಪಾಠ ಹೇಳಿ ಸಂಬಳ ಪಡೆಯುವವರ ಚಿಂತೆ ಬೇರೆ. ಹದಿನೆಂಟು ತುಂಬಿ ಹಾಸ್ಟೆಲ್ ಸೇರಿದವರ ಚಿಂತೆ ಬೇರೆ. ಒಹಾಯೊ ಸ್ಟೇಟ್‌ನಲ್ಲಂತೂ ಮೂರು ಸರ್ಕಾರಗಳಿವೆ: ಪದವಿಯವರಿಗೆ ಒಂದು, ಸ್ನಾತಕೋತ್ತರದವರಿಗೆ ಒಂದು, ವೈದ್ಯಕೀಯ, ಕಾನೂನು ಮುಂತಾದ ವೃತ್ತಿಶಿಕ್ಷಣದವರಿಗೆ ಮತ್ತೊಂದು. ತಲೆಯೆಣಿಕೆಯಲ್ಲಿ ಪದವಿ ವಿದ್ಯಾರ್ಥಿಗಳೇ ಹೆಚ್ಚು, ಆದ್ದರಿಂದ ಶುಲ್ಕದ ಗಂಟೂ ಅಲ್ಲೇ ದಪ್ಪ.

ವೇಷ ಇಷ್ಟು. ವಾಷಿಂಗ್ಟನ್‌ಗೂ ಇದಕ್ಕೂ ಇರುವ ದೊಡ್ಡ ವ್ಯತ್ಯಾಸ ಸಂವಿಧಾನದ ತಳದಲ್ಲಿದೆ. ದೇಶದ ಸಂವಿಧಾನಕ್ಕಿಂತ ಮೇಲೆ ಏನೂ ಇಲ್ಲ. ವಿದ್ಯಾರ್ಥಿ ಸಂವಿಧಾನದ ಮೇಲೆ ಕ್ಯಾಂಪಸ್ಸಿನ ಮುಖ್ಯಸ್ಥರು, ಅವರ ಮೇಲೆ ಆಡಳಿತ ಮಂಡಳಿ, ಅದರ ಮೇಲೆ ರಾಜ್ಯದ ಶಾಸನ. ಈ ಅಧಿಕಾರ ಮೇಲಿನಿಂದ ಕೊಟ್ಟದ್ದು, ಕೊಟ್ಟವರು ವಾಪಸು ಕೇಳಬಹುದು. ಅಲಬಾಮಾ ವಿಶ್ವವಿದ್ಯಾಲಯದಲ್ಲಿ 1993ರಲ್ಲಿ ಹಾಗೇ ಆಯಿತು. ಸಾಂಪ್ರದಾಯಿಕ ಬಿಳಿಯ ಫ್ರಟರ್ನಿಟಿ, ಸೊರೊರಿಟಿಗಳ (ಹುಡುಗರ ಮತ್ತು ಹುಡುಗಿಯರ ಸದಸ್ಯ ಸಂಘಗಳ) ಗುಪ್ತಕೂಟವೊಂದು, ಜನ ಅದನ್ನು ‘ಮಷೀನ್’ ಎನ್ನುತ್ತಾರೆ, ದಶಕಗಳಿಂದ ಅಲ್ಲಿನ ಚುನಾವಣೆಗಳನ್ನು ಹಿಡಿತದಲ್ಲಿಟ್ಟುಕೊಂಡಿತ್ತು. ಅದನ್ನು ಎದುರಿಸಿ ನಿಂತ ಅಭ್ಯರ್ಥಿಯೊಬ್ಬರ ಮೇಲೆ ಹಲ್ಲೆ ನಡೆದ ಮೇಲೆ ಆಡಳಿತ ಇಡೀ ವಿದ್ಯಾರ್ಥಿ ಸರ್ಕಾರವನ್ನೇ ಮುಚ್ಚಿತು. ಮತ್ತೆ ತೆರೆಯಲು ಮೂರು ವರ್ಷ ಹಿಡಿಯಿತು.

ಇದಕ್ಕೆ ವಿರುದ್ಧ ತುದಿಯಲ್ಲಿ ಬರ್ಕ್ಲಿ ಇದೆ. 1887ರಲ್ಲಿ ಹುಟ್ಟಿದ ಅಲ್ಲಿನ ವಿದ್ಯಾರ್ಥಿ ಸಂಘ ಪ್ರತ್ಯೇಕವಾಗಿ ನೋಂದಾಯಿತವಾದ, ಲಾಭದ ಉದ್ದೇಶವಿಲ್ಲದ ಸಂಸ್ಥೆ. ಅದರದ್ದೇ ಲೆಕ್ಕಪತ್ರ, ಅದರದ್ದೇ ಒಪ್ಪಂದಗಳು. ಹೀಗೆ ಸ್ವಂತ ಕಾಲಿರುವ ಸಂಘಗಳು ಕಡಿಮೆ. ಬಹುಪಾಲು ವಿದ್ಯಾರ್ಥಿ ಸರ್ಕಾರಗಳು ವಿಶ್ವವಿದ್ಯಾಲಯದ ಒಳಗಿನ ಒಂದು ವಿಭಾಗದಂತೆ ಇರುತ್ತವೆ.

ಶುಲ್ಕ ಬರೆಯುವ ಕೈ ಯಾರದು

ಒಂದು ವಿದ್ಯಾರ್ಥಿ ಸರ್ಕಾರಕ್ಕೆ ನಿಜವಾಗಿ ಎಷ್ಟು ಬಲವಿದೆ ಎಂದು ತಿಳಿಯಬೇಕೆ? ಅದರ ಸಂವಿಧಾನವನ್ನು ಪಕ್ಕಕ್ಕಿಟ್ಟು ಆ ರಾಜ್ಯದ ಶಾಸನದಲ್ಲಿ ಶುಲ್ಕದ ಬಗ್ಗೆ ಏನಿದೆ ಎಂದು ಓದಬೇಕು. ಮೂರು ರಾಜ್ಯಗಳನ್ನು ನೋಡಿ.

ಫ್ಲಾರಿಡಾದ ಶಾಸನ ಸ್ಪಷ್ಟವಾಗಿದೆ. ಚಟುವಟಿಕೆ ಶುಲ್ಕವನ್ನು ಹೇಗೆ ಹಂಚಬೇಕು, ಹೇಗೆ ಖರ್ಚು ಮಾಡಬೇಕು ಎಂದು ನಿರ್ಧರಿಸುವುದು ವಿದ್ಯಾರ್ಥಿ ಸರ್ಕಾರ. ವಿಶ್ವವಿದ್ಯಾಲಯದ ಅಧ್ಯಕ್ಷರಿಗೆ ಇರುವುದು ಬಜೆಟ್ಟಿನ ಒಂದೊಂದು ಸಾಲನ್ನು ವೀಟೊ ಮಾಡುವ ಅಧಿಕಾರ. ಸಾಲನ್ನು ಹೊಡೆದುಹಾಕಬಹುದು, ತಮ್ಮ ಇಷ್ಟದ ಸಾಲು ಬರೆದು ಸೇರಿಸುವ ಮಾತು ಅಲ್ಲಿಲ್ಲ. ಬರೆಯುವ ಕೈಗೂ ಅಳಿಸುವ ಕೈಗೂ ಎಷ್ಟು ಅಂತರ ಎಂಬುದು ಯಾವುದೇ ಬಜೆಟ್ ಸಭೆಯಲ್ಲಿ ಕುಳಿತವರಿಗೆ ಗೊತ್ತು.

ಟೆಕ್ಸಸ್‌ನಲ್ಲಿ ಇನ್ನೊಂದು ಬಗೆ. ಅಲ್ಲಿ ವಿದ್ಯಾರ್ಥಿ ಸೇವಾ ಶುಲ್ಕಕ್ಕೆ ಒಂಬತ್ತು ಮಂದಿಯ ಸಲಹಾ ಸಮಿತಿ ಇರಬೇಕೆಂದು ಶಾಸನ ಹೇಳುತ್ತದೆ. ಐವರು ವಿದ್ಯಾರ್ಥಿಗಳು, ನಾಲ್ವರು ವಿಶ್ವವಿದ್ಯಾಲಯದ ಕಡೆಯವರು. ಬಹುಮತ ವಿದ್ಯಾರ್ಥಿಗಳದ್ದೇ. ಆದರೆ ಸಮಿತಿಯ ಹೆಸರಿನಲ್ಲೇ ‘ಸಲಹಾ’ ಎಂಬ ಪದವಿದೆ, ಕೊನೆಯ ಮಾತು ಆಡಳಿತದ್ದು.

ವಿಸ್ಕಾನ್ಸಿನ್ ಬಹುಕಾಲ ಈ ವಿಷಯದಲ್ಲಿ ಮಾದರಿ ಎನಿಸಿತ್ತು. ವಿಶ್ವವಿದ್ಯಾಲಯದ ಆಡಳಿತದಲ್ಲಿ ವಿದ್ಯಾರ್ಥಿಗಳು ಸಕ್ರಿಯ ಪಾಲುದಾರರು ಎಂದು ರಾಜ್ಯದ ಶಾಸನದಲ್ಲೇ ಬರೆದಿತ್ತು. 2015ರಲ್ಲಿ ರಾಜ್ಯದ ಬಜೆಟ್ ಮಸೂದೆಯೊಂದಿಗೆ ಆ ಮಾತುಗಳನ್ನು ಸಡಿಲಗೊಳಿಸಿದರು. ಕ್ಯಾಂಪಸ್ಸಿನ ಸಂವಿಧಾನ, ಸೆನೆಟ್, ಚುನಾವಣೆ ಎಲ್ಲ ಹಾಗೇ ಉಳಿದವು. ತಳದ ಕಲ್ಲು ಮಾತ್ರ ಜರುಗಿತು.

ಬಿಲ್ಲಿಗೆ ಹೊಸ ಸಾಲು ಸೇರಿಸುವುದೂ ಉಂಟು, ಅದಕ್ಕೆ ಅನೇಕ ಕಡೆ ಜನಮತಗಣನೆ ನಡೆಯುತ್ತದೆ. ಬರ್ಕ್ಲಿಯ ವಿದ್ಯಾರ್ಥಿಗಳು 1999ರಿಂದ ಊರಿನ ಬಸ್ಸುಗಳಲ್ಲಿ ಪಾಸ್ ತೋರಿಸಿ ಓಡಾಡುತ್ತಿದ್ದಾರೆ. ಅದರ ಖರ್ಚಿಗೆ ಎಲ್ಲರೂ ಒಂದು ಶುಲ್ಕ ಕಟ್ಟಲು ತಾವೇ ಮತ ಹಾಕಿ ಒಪ್ಪಿದ್ದರು. ಇಂಥ ಮತದಾನದಲ್ಲಿ ಒಂದು ವಿಚಿತ್ರವಿದೆ. ಹೌದು ಎಂದು ಮತ ಹಾಕಿದವರು ನಾಲ್ಕು ವರ್ಷಕ್ಕೆ ಪದವಿ ಪಡೆದು ಹೊರಟುಹೋಗುತ್ತಾರೆ, ಶುಲ್ಕ ಕಟ್ಟುತ್ತಲೇ ಇರುವವರು ಆಗ ಇನ್ನೂ ಹೈಸ್ಕೂಲಿನಲ್ಲಿದ್ದವರು. ಬಸ್ ಪಾಸಿಗಾದರೆ ಇದು ಸಣ್ಣ ಮಾತು. ಇಪ್ಪತ್ತು ಮೂವತ್ತು ವರ್ಷ ಸಾಲ ತೀರಿಸಬೇಕಾದ ಕಟ್ಟಡಕ್ಕೆ ಶುಲ್ಕ ಹೇರುವಾಗ ಸಣ್ಣದಲ್ಲ. ಅದಕ್ಕೇ ಕೆಲವು ಶುಲ್ಕಗಳಿಗೆ ಕೊನೆಯ ದಿನಾಂಕ ಹಾಕಿ, ಆಮೇಲೆ ಮತ್ತೆ ಮತಕ್ಕೆ ಹಾಕುವ ಪದ್ಧತಿ ಬಂದಿದೆ.

ಯಾರಿಗೆ ಕೊಡಬಾರದು ಎನ್ನುವಂತಿಲ್ಲ

ಇಲ್ಲಿಂದ ವಿಷಯ ಸ್ವಾರಸ್ಯವಾಗುತ್ತದೆ. ಸರ್ಕಾರಿ ವಿಶ್ವವಿದ್ಯಾಲಯ ಕಾನೂನಿನ ಕಣ್ಣಿಗೆ ಸರ್ಕಾರವೇ. ಹಾಗಾಗಿ ವಾಕ್ ಸ್ವಾತಂತ್ರ್ಯ ಕೊಡುವ ಸಂವಿಧಾನದ ಮೊದಲ ತಿದ್ದುಪಡಿ ಅದನ್ನು ಕಟ್ಟಿಹಾಕುತ್ತದೆ. ಅದರ ಹೆಸರಿನಲ್ಲಿ, ಕಡ್ಡಾಯವಾಗಿ ವಸೂಲಾದ ಹಣ ಹಂಚುವ ವಿದ್ಯಾರ್ಥಿ ಸಮಿತಿಯನ್ನೂ ಕಟ್ಟಿಹಾಕುತ್ತದೆ. ಖಾಸಗಿ ವಿಶ್ವವಿದ್ಯಾಲಯಕ್ಕೆ ಈ ಕಟ್ಟು ಅನ್ವಯಿಸುವುದಿಲ್ಲ. ಸರ್ಕಾರಿ ಕ್ಯಾಂಪಸ್ಸಿನ ವಿದ್ಯಾರ್ಥಿ ಸರ್ಕಾರ ಬೇರೆಯೇ ಜಾತಿಯದು ಎನ್ನಲು ನನಗಿರುವ ಮುಖ್ಯ ಕಾರಣ ಇದು.

ವರ್ಜೀನಿಯಾ ವಿಶ್ವವಿದ್ಯಾಲಯದಲ್ಲಿ ಪ್ರತಿ ವಿದ್ಯಾರ್ಥಿಯೂ ಸೆಮಿಸ್ಟರ್‌ಗೆ 14 ಡಾಲರ್ ಚಟುವಟಿಕೆ ಶುಲ್ಕ ಕಟ್ಟುತ್ತಿದ್ದ ಕಾಲ. ಕ್ರೈಸ್ತ ದೃಷ್ಟಿಯಿಂದ ಬರೆಯುವ ವಿದ್ಯಾರ್ಥಿ ಪತ್ರಿಕೆಯೊಂದು ಮುದ್ರಣದ ಖರ್ಚಿಗೆಂದು 5,862 ಡಾಲರ್ ಕೇಳಿತು. ವಿದ್ಯಾರ್ಥಿ ಪರಿಷತ್ತಿನ ಹಣಕಾಸು ಸಮಿತಿ, ಇದು ಧಾರ್ಮಿಕ ಚಟುವಟಿಕೆ, ಕೊಡಲಾಗದು ಎಂದಿತು. ಸಮಿತಿಯವರು ನಿಯಮ ಪುಸ್ತಕದಲ್ಲಿದ್ದದ್ದನ್ನೇ ಪಾಲಿಸಿದ್ದರು. ತಕರಾರು ಸುಪ್ರೀಂ ಕೋರ್ಟಿನವರೆಗೆ ಹೋಗಿ, 1995ರಲ್ಲಿ 5-4ರ ಬಹುಮತದಲ್ಲಿ ಪತ್ರಿಕೆ ಗೆದ್ದಿತು. ಬೇರೆ ಬೇರೆ ದೃಷ್ಟಿಯ ಪತ್ರಿಕೆಗಳಿಗೆ ಹಣ ಕೊಟ್ಟು, ಈ ದೃಷ್ಟಿಯದ್ದಕ್ಕೆ ಮಾತ್ರ ಇಲ್ಲ ಎನ್ನುವಂತಿಲ್ಲ ಎಂಬುದು ತೀರ್ಪಿನ ತಿರುಳು.

ಅದೇ ನಾಣ್ಯದ ಇನ್ನೊಂದು ಮುಖ ಮ್ಯಾಡಿಸನ್‌ನಲ್ಲಿ ಕಂಡಿತು. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಕೆಲವು ಕಾನೂನು ವಿದ್ಯಾರ್ಥಿಗಳು, ನಾವು ಒಪ್ಪದ ರಾಜಕೀಯದ ಸಂಘಗಳಿಗೆ ನಮ್ಮ ಹಣ ಹೋಗುವುದು ಯಾವ ನ್ಯಾಯ ಎಂದು ದಾವೆ ಹೂಡಿದರು. 1995-96ರಲ್ಲಿ ಅಲ್ಲಿನ ಶುಲ್ಕ ವರ್ಷಕ್ಕೆ 331.50 ಡಾಲರ್. ಅದರ ದೊಡ್ಡ ಪಾಲು ಆರೋಗ್ಯ ಕೇಂದ್ರ, ವಿದ್ಯಾರ್ಥಿ ಭವನಗಳಂಥ ನಿತ್ಯದ ಖರ್ಚಿಗೆ. ವಿದ್ಯಾರ್ಥಿ ಸರ್ಕಾರ ಸಂಘಗಳಿಗೆ ಹಂಚುತ್ತಿದ್ದದ್ದು ಸಣ್ಣ ಪಾಲು. ಸುಪ್ರೀಂ ಕೋರ್ಟ್ 2000ದಲ್ಲಿ ವಿಶ್ವವಿದ್ಯಾಲಯದ ಕಡೆ ತೀರ್ಪು ಕೊಟ್ಟಿತು: ಕಡ್ಡಾಯ ಶುಲ್ಕ ಸರಿ, ಆದರೆ ಹಂಚುವಾಗ ಯಾರ ಅಭಿಪ್ರಾಯವನ್ನೂ ತೂಗಿ ನೋಡಬಾರದು.

ಆ ತೀರ್ಪಿನಲ್ಲಿ ಹಲವರ ಗಮನಕ್ಕೆ ಬಾರದ ಒಂದು ಎಳೆಯಿದೆ. ಮ್ಯಾಡಿಸನ್‌ನಲ್ಲಿ ಜನಮತಗಣನೆಯ ಮೂಲಕ ಒಂದು ಸಂಘಕ್ಕೆ ಹಣ ಕೊಡಿಸಲೂ ಬಹುದಿತ್ತು, ನಿಲ್ಲಿಸಲೂ ಬಹುದಿತ್ತು. ಬಹುಮತ ಕೇಳುವುದಕ್ಕಿಂತ ಪ್ರಜಾಪ್ರಭುತ್ವ ಇನ್ನೇನು ಬೇಕು? ನ್ಯಾಯಾಲಯಕ್ಕೆ ಆತಂಕ ಕಂಡದ್ದು ಅಲ್ಲೇ. ಬಹುಮತಕ್ಕೆ ಇಷ್ಟವಿಲ್ಲವೆಂದು ಅಲ್ಪಮತದ ಸಂಘ ಬಡವಾಗಬಾರದು. ಹಣದ ವಿಷಯದಲ್ಲಿ ಅವರ ದೃಷ್ಟಿಗೂ ಬಹುಮತದ ದೃಷ್ಟಿಗೂ ಒಂದೇ ಗೌರವ ಸಿಗಬೇಕು ಎಂದಿತು ಕೋರ್ಟು, ಆ ಭಾಗವನ್ನು ಮತ್ತೆ ಪರಿಶೀಲಿಸಲು ಕೆಳಗೆ ಕಳಿಸಿತು.

ಪರಿಣಾಮ ಏನೆಂದರೆ, ಹಣಕಾಸು ಸಮಿತಿಯ ಸಭೆಗಳು ಹೊರಗಿನವರಿಗೆ ನಿದ್ದೆ ಬರಿಸುವಂತಿರುತ್ತವೆ, ಹಾಗೇ ಇರಬೇಕು ಕೂಡ. ಎಷ್ಟು ಜನ ಬರುತ್ತಾರೆ? ಸಭಾಂಗಣದ ಬಾಡಿಗೆ ಎಷ್ಟು? ಎಲ್ಲ ವಿದ್ಯಾರ್ಥಿಗಳಿಗೂ ಪ್ರವೇಶವಿದೆಯೇ? ಕಳೆದ ವರ್ಷದ ರಸೀದಿ ಎಲ್ಲಿ? ಇಂಥ ಪ್ರಶ್ನೆಗಳಷ್ಟೇ ಕೇಳಬಹುದು. ‘ನೀವು ಕರೆಸುತ್ತಿರುವ ಭಾಷಣಕಾರರ ಮಾತು ನಮಗೆ ಹಿಡಿಸುವುದಿಲ್ಲ’ ಎಂದು ಯಾರಾದರೂ ಮೈಕಿನಲ್ಲಿ ಬಾಯಿಬಿಟ್ಟರೆ, ವಿಶ್ವವಿದ್ಯಾಲಯದ ವಕೀಲರಿಗೆ ಕೆಲಸ ಹತ್ತಿತು ಅಂತಲೇ ಅರ್ಥ. ಜೋರಾಗಿ ಅಭಿಪ್ರಾಯವಿರುವ ವಯಸ್ಸಿನವರನ್ನೇ ಆರಿಸಿ ತಂದು, ಅಭಿಪ್ರಾಯವನ್ನು ಬಾಗಿಲ ಹೊರಗೆ ಬಿಟ್ಟು ಬನ್ನಿ ಎನ್ನುವ ಕೆಲಸವಿದು.

ಚುನಾವಣೆ ಎಂಬ ಪ್ರಹಸನ, ಕೆಲವೊಮ್ಮೆ

ಮತದಾನಕ್ಕೆ ಬರುವವರು ಕಡಿಮೆ. ಐವರಲ್ಲಿ ಒಬ್ಬರು ಮತ ಹಾಕಿದರೆ ಒಳ್ಳೆಯ ವರ್ಷ ಎನ್ನುವ ಕ್ಯಾಂಪಸ್‌ಗಳು ಎಷ್ಟೋ. ಹಾಗಾಗಿ ಒಗ್ಗಟ್ಟಾಗಿ ಮತ ಹಾಕುವ ಗುಂಪಿಗೆ, ಅದು ಫ್ರಟರ್ನಿಟಿ ಇರಲಿ, ಯಾವುದಾದರೂ ಸಮುದಾಯದ ಸಂಘವಿರಲಿ, ತಲೆಯೆಣಿಕೆಗೆ ಮೀರಿದ ಬಲ ಸಿಗುತ್ತದೆ. ಅಲಬಾಮಾದ ‘ಮಷೀನ್’ ಅಷ್ಟು ಕಾಲ ಬಾಳಿದ್ದು ಈ ಲೆಕ್ಕದಿಂದಲೇ.

ಬರ್ಕ್ಲಿ ಇದಕ್ಕೊಂದು ಉಪಾಯ ಮಾಡಿಕೊಂಡಿದೆ. ಮತದಾರರು ಅಭ್ಯರ್ಥಿಗಳನ್ನು ತಮ್ಮ ಇಷ್ಟದ ಕ್ರಮದಲ್ಲಿ ಒಂದು, ಎರಡು, ಮೂರು ಎಂದು ಗುರುತಿಸುತ್ತಾರೆ. 20 ಸ್ಥಾನ ಇರುವುದರಿಂದ ಗೆಲ್ಲಲು ಬೇಕಾದ ಮತ ಸುಮಾರು ಇಪ್ಪತ್ತೊಂದರಲ್ಲಿ ಒಂದು ಪಾಲು, ಅಂದರೆ ಶೇಕಡಾ 5ಕ್ಕೂ ತುಸು ಕಡಿಮೆ. ಗೆದ್ದವರ ಹೆಚ್ಚುವರಿ ಮತ, ಸೋತವರ ಮತ ಎರಡೂ ಮುಂದಿನ ಇಷ್ಟಕ್ಕೆ ವರ್ಗವಾಗುತ್ತವೆ. ಸಣ್ಣ ಗುಂಪೊಂದು ಒಬ್ಬ ಸೆನೆಟರ್‌ನನ್ನಾದರೂ ಕಳಿಸಬಹುದು. ಒಂದೇ ಪಕ್ಷ ಇಡೀ ಮನೆಯನ್ನು ಗುಡಿಸಿಕೊಂಡು ಹೋಗುವುದು ಕಷ್ಟ.

ಪ್ರಚಾರದ ಖರ್ಚಿಗೂ ಮಿತಿ ಇರುತ್ತದೆ. ಮೊಂಟಾನಾ ವಿಶ್ವವಿದ್ಯಾಲಯದಲ್ಲಿ ಒಂದು ಕಾಲಕ್ಕೆ ಅದು ಬರೀ 100 ಡಾಲರ್ ಇತ್ತು. ಅದನ್ನು ಮೀರಿ ಖರ್ಚು ಮಾಡಿದ ವಿದ್ಯಾರ್ಥಿಯೊಬ್ಬರು 2004ರಲ್ಲಿ ಸೆನೆಟ್ ಸ್ಥಾನ ಗೆದ್ದರೂ ಕುರ್ಚಿ ಸಿಗಲಿಲ್ಲ. ಪ್ರಚಾರದ ಖರ್ಚನ್ನು ಕಟ್ಟಿಹಾಕುವುದು ವಾಕ್ ಸ್ವಾತಂತ್ರ್ಯಕ್ಕೆ ಅಡ್ಡಿ ಎಂದು ಅವರು ನ್ಯಾಯಾಲಯಕ್ಕೆ ಹೋದರು. ದೇಶದ ಚುನಾವಣೆಯಲ್ಲಾದರೆ ಆ ವಾದಕ್ಕೆ ಬಲವಿತ್ತು. ಮೇಲ್ಮನವಿ ನ್ಯಾಯಾಲಯ 2007ರಲ್ಲಿ ಮಿತಿಯನ್ನು ಎತ್ತಿಹಿಡಿಯಿತು: ಇದು ಕಲಿಕೆಗಾಗಿ ನಡೆಯುವ ಚುನಾವಣೆ, ಇದರ ಅಂಗಳಕ್ಕೆ ವಿಶ್ವವಿದ್ಯಾಲಯವೇ ಬೇಲಿ ಹಾಕಬಹುದು. ‘ಸರ್ಕಾರ’ ಎಂಬ ಪದವನ್ನು ನ್ಯಾಯಾಧೀಶರು ಎಷ್ಟು ತೂಕದಲ್ಲಿ ತೆಗೆದುಕೊಂಡರು ಎಂಬುದು ಇಲ್ಲಿ ತಿಳಿಯುತ್ತದೆ.

ಮತದಾರರೇ ತಮಾಷೆಗೆ ಇಳಿದ ಉದಾಹರಣೆಗಳೂ ಇವೆ. ಆಸ್ಟಿನ್‌ನ ಟೆಕ್ಸಸ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು 1978ರಲ್ಲಿ, ಈ ಸರ್ಕಾರವೇ ಬೇಡ ಎಂದು ಮತ ಹಾಕಿ ಅದನ್ನು ರದ್ದು ಮಾಡಿಬಿಟ್ಟರು. 1982ರಲ್ಲಿ ಮತ್ತೆ ಶುರುವಾದಾಗ ಅಧ್ಯಕ್ಷ ಸ್ಥಾನಕ್ಕೆ ಅತಿ ಹೆಚ್ಚು ಮತ ಬಂದದ್ದು ಕ್ಯಾಂಪಸ್ ಪತ್ರಿಕೆಯ ಕಾಮಿಕ್ಸಿನ ಒಂದು ಪಾತ್ರಕ್ಕೆ, ಅದೂ ಬರೀ ಭ್ರಮೆಯಾಗಿದ್ದ ಪಾತ್ರಕ್ಕೆ. ಮತಗಳಲ್ಲಿ ಅದಕ್ಕಿಂತ ಹಿಂದೆ ಉಳಿದವರು ಪಾಲ್ ಬೆಗಾಲಾ. ಇಲ್ಲದ ವ್ಯಕ್ತಿ ಕುರ್ಚಿಯಲ್ಲಿ ಕೂರುವಂತಿಲ್ಲವಾದ್ದರಿಂದ ಕೊನೆಗೆ ಅಧ್ಯಕ್ಷರಾದದ್ದು ಅವರೇ; ಮುಂದೆ ಬಿಲ್ ಕ್ಲಿಂಟನ್‌ರ ಚುನಾವಣಾ ಸಲಹೆಗಾರರಾಗಿ ಹೆಸರು ಮಾಡಿದರು.

ಸದ್ದಿಲ್ಲದ ಕುರ್ಚಿಗಳು

ಸೆನೆಟ್ ಒಪ್ಪುವ ಮಸೂದೆ ಬೇರೆ, ನಿರ್ಣಯ ಬೇರೆ. ಮಸೂದೆಯಿಂದ ಹಣ ಚಲಿಸುತ್ತದೆ ಅಥವಾ ನಿಯಮ ಬದಲಾಗುತ್ತದೆ. ನಿರ್ಣಯ ಒಂದು ಅಭಿಪ್ರಾಯ, ಮೇಲಿನವರಿಗೆ ಬರೆದ ಕಾಗದ. ಪತ್ರಿಕೆಗಳಲ್ಲಿ ದೊಡ್ಡದಾಗಿ ಬರುವುದು ಬಹುತೇಕ ಕಾಗದಗಳೇ. 2010ರಲ್ಲಿ ಬರ್ಕ್ಲಿಯ ಸೆನೆಟ್, ಇಸ್ರೇಲಿ ಸೇನೆಗೆ ಸಾಮಗ್ರಿ ಒದಗಿಸುವ ಕಂಪನಿಗಳಿಂದ ಹೂಡಿಕೆ ಹಿಂತೆಗೆಯಬೇಕು ಎಂಬ ನಿರ್ಣಯವನ್ನು 16-4ರಿಂದ ಒಪ್ಪಿತು. ವಿದ್ಯಾರ್ಥಿ ಅಧ್ಯಕ್ಷರು ವೀಟೊ ಮಾಡಿದರು. ವೀಟೊ ಮುರಿಯಲು ಬೇಕಾದಷ್ಟು ಮತ ಕೂಡಲಿಲ್ಲ. ರಾತ್ರಿಯಿಡೀ ವಾದ ನಡೆಯಿತು, ಜಗತ್ತಿನ ಕಣ್ಣು ಅತ್ತ ಹೊರಳಿತು. ಆದರೆ ವಿಶ್ವವಿದ್ಯಾಲಯದ ಹೂಡಿಕೆಯನ್ನು ತೀರ್ಮಾನಿಸುವುದು ರೀಜೆಂಟರ ಮಂಡಳಿ, ಅಂದರೆ ಅದರ ಆಡಳಿತ ಮಂಡಳಿ. ಸೆನೆಟ್ ಅಂದು ಏನೇ ಮಾಡಿದ್ದರೂ ಆ ಮಂಡಳಿಯ ಮೇಜಿನ ಮೇಲಿನ ಒಂದು ಕಾಗದವೂ ಕಡ್ಡಾಯವಾಗಿ ಸರಿಯುತ್ತಿರಲಿಲ್ಲ. ಹಾಗೆಂದು ಕಾಗದ ವ್ಯರ್ಥ ಎನ್ನಲಾರೆ. ವರ್ಷಗಟ್ಟಲೆ ವಿದ್ಯಾರ್ಥಿ ಚಳವಳಿ ನಡೆದ ಮೇಲೆ, 1986ರಲ್ಲಿ ಅದೇ ರೀಜೆಂಟರು ವರ್ಣಭೇದದ ದಕ್ಷಿಣ ಆಫ್ರಿಕಾದೊಂದಿಗೆ ವ್ಯವಹರಿಸುವ ಕಂಪನಿಗಳಿಂದ ಹೂಡಿಕೆ ಹಿಂತೆಗೆಯಲು ಮತ ಹಾಕಿದರು.

ಆ ಮಂಡಳಿಯಲ್ಲಿ ಒಟ್ಟು 26 ಮಂದಿ. 18 ಮಂದಿಯನ್ನು ರಾಜ್ಯಪಾಲರು 12 ವರ್ಷದ ಅವಧಿಗೆ ನೇಮಿಸುತ್ತಾರೆ, 7 ಮಂದಿ ಹುದ್ದೆಯ ಬಲದಿಂದ ಬರುತ್ತಾರೆ, ಒಬ್ಬರು ವಿದ್ಯಾರ್ಥಿ. ಆ ವಿದ್ಯಾರ್ಥಿ ರೀಜೆಂಟರಿಗೆ ಮತವಿದೆ, ಅವಧಿ ಒಂದು ವರ್ಷ. ಪಕ್ಕದಲ್ಲಿ ಕುಳಿತವರಿಗೆ ಹನ್ನೆರಡು! ಅದಕ್ಕೇ ಮುಂದಿನ ವರ್ಷ ಬರಬೇಕಾದವರನ್ನು ಮೊದಲೇ ಆರಿಸಿ, ಮತವಿಲ್ಲದೆ ಒಂದು ವರ್ಷ ಕೂರಿಸಿ ಕೆಲಸ ಕಲಿಸುತ್ತಾರೆ. ಫ್ಲಾರಿಡಾದಲ್ಲಿ ಕ್ಯಾಂಪಸ್ಸಿನ ವಿದ್ಯಾರ್ಥಿ ಅಧ್ಯಕ್ಷರೇ ತಮ್ಮ ವಿಶ್ವವಿದ್ಯಾಲಯದ ಟ್ರಸ್ಟಿ ಮಂಡಳಿಯ ಸದಸ್ಯರು. ಟೆಕ್ಸಸ್‌ನ ವಿದ್ಯಾರ್ಥಿ ರೀಜೆಂಟರಿಗೆ ಕುರ್ಚಿಯುಂಟು, ಮತವಿಲ್ಲ.

ಇದಕ್ಕಿಂತ ಕೆಳಗೆ, ಯಾರೂ ಫೋಟೊ ತೆಗೆಯದ ಕುರ್ಚಿಗಳು ಡಜನ್‌ಗಟ್ಟಲೆ ಇವೆ. ಗ್ರಂಥಾಲಯದ ವೇಳೆ, ವಾಹನ ನಿಲುಗಡೆ, ಪಠ್ಯಕ್ರಮ, ಶೈಕ್ಷಣಿಕ ಕ್ಯಾಲೆಂಡರ್, ಹೊಸ ಡೀನ್ ಆಯ್ಕೆ, ಹೀಗೆ ಒಂದೊಂದಕ್ಕೂ ಒಂದು ಸಮಿತಿ. ಅವುಗಳಲ್ಲಿ ವಿದ್ಯಾರ್ಥಿಗಳಿಗೆ ಒಂದೋ ಎರಡೋ ಸ್ಥಾನ, ಹೆಸರು ಸೂಚಿಸುವುದು ವಿದ್ಯಾರ್ಥಿ ಅಧ್ಯಕ್ಷರು. ಅಧ್ಯಕ್ಷರ ಅತಿ ದೊಡ್ಡ ಅಧಿಕಾರ ವೀಟೊ ಅಲ್ಲ, ಈ ನೇಮಕಗಳು ಎಂಬುದು ನನ್ನ ಎಣಿಕೆ. ಆ ಕುರ್ಚಿಗಳು ಎಷ್ಟೋ ಸಲ ಇಡೀ ವರ್ಷ ಖಾಲಿ ಬಿದ್ದಿರುತ್ತವೆ. ಬೆಳಿಗ್ಗೆ ಎಂಟಕ್ಕೆ ನಿಲುಗಡೆ ಸಮಿತಿಗೆ ಹೋಗುವ ಉತ್ಸಾಹಿಗಳು ಸಿಗಬೇಕಲ್ಲ!

ಒಂದು ವರ್ಷದ ಅವಧಿಯ ತೊಂದರೆ ಇಲ್ಲೇ ಪೂರ್ತಿ ಕಾಣುವುದು. ಏಪ್ರಿಲ್ ಸುಮಾರಿಗೆ ಗೆದ್ದು, ಬೇಸಿಗೆಯ ರಜೆ ಕಳೆದು ಸೆಪ್ಟೆಂಬರಿನಲ್ಲಿ ಕೆಲಸ ಹಿಡಿದವರು, ಡಿಸೆಂಬರಿಗೆ ಕಡತಗಳ ಜಾಗ ಕಲಿತು, ಫೆಬ್ರವರಿಗೆ ಉತ್ತರಾಧಿಕಾರಿಯ ಚುನಾವಣೆಯಲ್ಲಿ ಮುಳುಗುತ್ತಾರೆ. ಹೊಗೆಯಾಡುವ ಪ್ರಶ್ನೆಯೊಂದನ್ನು ಅಧ್ಯಯನ ಸಮಿತಿಗೆ ಒಪ್ಪಿಸಿ, ವರದಿ ಮುಂದಿನ ವರ್ಷ ಎಂದುಬಿಟ್ಟರೆ ಆಡಳಿತದ ಕೆಲಸ ಮುಗಿಯಿತು. ಕೇಳಿದವರೇ ಆಗ ಕ್ಯಾಂಪಸ್ಸಿನಲ್ಲಿ ಇರುವುದಿಲ್ಲ. ಹಳೆಯದು ನೆನಪಿರುವವರು ಅಲ್ಲಿ ಸಾಮಾನ್ಯವಾಗಿ ಒಬ್ಬರೇ: ಸಂಬಳಕ್ಕಿರುವ ಸಲಹೆಗಾರರು. ಪ್ರತಿ ಖರ್ಚಿನ ಚೀಟಿ ಅವರ ಮೇಜನ್ನು ಹಾಯ್ದು ಹೋಗುತ್ತದೆ. ಅವರು ವಿದ್ಯಾರ್ಥಿಗಳ ಕಡೆಯವರೋ ಆಡಳಿತದ ಕಡೆಯವರೋ ಎಂಬುದು ಸಂಬಳ ಕೊಡುವ ಕೈಯನ್ನು ನೋಡಿದರೆ ಅರ್ಧ ತಿಳಿಯುತ್ತದೆ.

ಇಷ್ಟೆಲ್ಲ ನಡೆದರೂ, ಬಿಲ್ ಕಟ್ಟಿದವರು ಬಂದು ನನ್ನ ದುಡ್ಡು ಎಲ್ಲಿ ಹೋಯಿತು ಎಂದು ಕೇಳುವುದು ತೀರಾ ಅಪರೂಪ. ಮ್ಯಾಡಿಸನ್‌ನಲ್ಲಿ ಒಮ್ಮೆ ಕೇಳಿದರು. 1978ರಲ್ಲಿ ಅಲ್ಲಿ ‘ಪೇಲ್ ಅಂಡ್ ಶವೆಲ್’ ಎಂಬ ಪಕ್ಷ ಗೆದ್ದಿತು. ನಾಯಕರು ಲಿಯಾನ್ ವರ್ಜಿಯನ್ ಮತ್ತು ಜಿಮ್ ಮ್ಯಾಲನ್. ಸ್ವಾತಂತ್ರ್ಯ ದೇವತೆಯ ಪ್ರತಿಮೆಯನ್ನೇ ಮ್ಯಾಡಿಸನ್‌ಗೆ ತರುತ್ತೇವೆ ಎಂಬುದು ಅವರ ಭರವಸೆಗಳಲ್ಲೊಂದು. 1979ರ ಫೆಬ್ರವರಿಯಲ್ಲಿ ಹೆಪ್ಪುಗಟ್ಟಿದ ಮೆಂಡೋಟಾ ಸರೋವರದ ಮೇಲೆ ಆ ದೇವತೆಯ ತಲೆ ಮತ್ತು ಪಂಜು ಹಿಡಿದ ಕೈ ಎದ್ದು ನಿಂತವು, ಉಳಿದ ಮೈಯೆಲ್ಲ ಮಂಜಿನಡಿ ಮುಳುಗಿದೆ ಎನ್ನುವಂತೆ. ಅದೇ ಸೆಪ್ಟೆಂಬರಿನಲ್ಲಿ ತರಗತಿಗಳು ಶುರುವಾದ ದಿನ ಬ್ಯಾಸ್ಕಂ ಗುಡ್ಡದ ಹುಲ್ಲಿನ ಮೇಲೆ 1,008 ಗುಲಾಬಿ ಬಣ್ಣದ ಪ್ಲಾಸ್ಟಿಕ್ ಫ್ಲೆಮಿಂಗೊ ಹಕ್ಕಿಗಳು ನಿಂತಿದ್ದವು. ಸರೋವರದ ಪ್ರತಿಮೆಗೆ ಸಾವಿರಾರು ಡಾಲರ್ ಹೋಗಿದೆ, ಅದು ನಮ್ಮ ಶುಲ್ಕದ ಹಣ ಎಂದು ಕೆಲವರು ಸಿಟ್ಟಾದರು. ತಲೆಗೆ ಹಂಚಿದರೆ ಹತ್ತು ಸೆಂಟ್ ಎಂದು ಲೆಕ್ಕ ಹಾಕಿದ ವರ್ಜಿಯನ್, ಹಣ ವಾಪಸು ಬೇಕೆಂದವರಿಗೆಲ್ಲ ಹತ್ತು ಸೆಂಟಿನ ಚೆಕ್ ಬರೆದುಕೊಟ್ಟರು.